ಫೇಸು ಪರಿವರ್ತಕ ಮೋಟಾರಿನ ರಕ್ಷಣೆ: ಸಣ್ಣ ಕಾರ್ಯಾಗಾರದ ದೃಷ್ಟಿಯಿಂದ ಒಂದು ವಿವೇಚನೆ

ದಕ್ಷಿಣ ಕೊಡಗಿನ ಪೊನ್ನಂಪೇಟೆ, ಗೋಣಿಕೊಪ್ಪಲು ಮುಂತಾದ ಊರುಗಳ ಸಣ್ಣ ಕಾರ್ಯಾಗಾರಗಳ ಕೆಲಸ ಬಹುಮಟ್ಟಿಗೆ ಕಾಫಿ ತೋಟವನ್ನು ಅವಲಂಬಿಸಿದುದು. ಪಲ್ಪರಿನ ಬಿಡಿಭಾಗಗಳನ್ನು ಸರಿಪಡಿಸುವುದು, ಪಂಪಿನ ಕಂಬಿಯನ್ನು ಲೇತಿಗೆ ಕೊಡುವುದು, ಮರ ಕೊಯ್ಯುವುದು, ಬೆಸುಗೆ ಹಾಕುವುದು ಇವೇ ಅಲ್ಲಿಯ ನಿತ್ಯವ್ಯವಹಾರ. ಇದಕ್ಕೆ ಬೇಕಾದ ಲೇತು, ಗರಗಸ, ಕೊರೆಯುವ ಯಂತ್ರಗಳ ಮೋಟಾರುಗಳು ಸಾಮಾನ್ಯವಾಗಿ ಮೂರು ಫೇಸಿನವು. ಆದರೆ ಕಟ್ಟಡಕ್ಕೆ ಬಂದಿರುವ ಸಂಪರ್ಕ ಅನೇಕ ವೇಳೆ ಸಿಂಗಲ್ ಫೇಸಿನದು. ಮೂರು ಫೇಸಿನ ಸಂಪರ್ಕವಿರುವ ಗ್ರಾಮಗಳಲ್ಲಿಯೂ ಅದು ದಿನದ ಕೆಲವು ಗಂಟೆಗಳಿಗೆ ಸೀಮಿತವಾಗಿ, ಉಳಿದ ಹೊತ್ತು ಸಿಂಗಲ್ ಫೇಸು ಮಾತ್ರ ದೊರೆಯುವ ಪದ್ಧತಿ ಕರ್ನಾಟಕದ ರೈತರಿಗೆ ಚಿರಪರಿಚಿತವಾದುದು. ಈ ಕೊರತೆಯನ್ನು ನೀಗಲು ಬಳಸುವ ಉಪಾಯಗಳಲ್ಲಿ ತಿರುಗುವ ಫೇಸು ಪರಿವರ್ತಕವೂ ಒಂದು.

ಪರಿವರ್ತಕವೆಂದರೆ ವಿಶೇಷವಾದ ಯಂತ್ರವೇನೂ ಅಲ್ಲ. ಸಾಧಾರಣವಾದ ಮೂರು ಫೇಸಿನ ಇಂಡಕ್ಷನ್ ಮೋಟಾರೊಂದನ್ನು ಸಿಂಗಲ್ ಫೇಸಿನ ಎರಡು ತಂತಿಗಳಿಗೆ ಜೋಡಿಸಿ, ಹೇಗಾದರೂ ಒಮ್ಮೆ ತಿರುಗುವಂತೆ ಮಾಡಿದರೆ, ಅದರ ಮೂರನೆಯ ತುದಿಯಲ್ಲಿ ಮೂರನೆಯ ಫೇಸು ತಾನಾಗಿ ಹುಟ್ಟುವುದು. ಆ ಮೋಟಾರಿನ ದಂಡಕ್ಕೆ ಪಟ್ಟಿಯಿಲ್ಲ, ಹಲ್ಲುಚಕ್ರವಿಲ್ಲ. ಅದು ಬರಿದೇ ತಿರುಗುತ್ತಿರುವುದು. ಆದುದರಿಂದಲೇ 'ಹೊರೆಯಿಲ್ಲದ ಮೋಟಾರು ಸುಡುವುದೆಂತು?' ಎಂಬ ಪ್ರಶ್ನೆ ಹುಟ್ಟಿ, ಅದರ ರಕ್ಷಣೆಯ ವಿಷಯದಲ್ಲಿ ಉದಾಸೀನ ಬೆಳೆಯುತ್ತದೆ. ದಂಡದ ಮೇಲೆ ಹೊರೆಯಿಲ್ಲದಿದ್ದರೂ ಸುರುಳಿಯ ಮೇಲೆ ಹೊರೆಯಿದೆಯೆಂಬುದನ್ನೂ, ಆ ಹೊರೆ ಹೊರಗಿನ ತಂತಿಯ ಪ್ರವಾಹದಲ್ಲಿ ಪೂರ್ಣವಾಗಿ ಕಾಣಿಸಿಕೊಳ್ಳುವುದಿಲ್ಲವೆಂಬುದನ್ನೂ ತೋರಿಸಿ, ಅದಕ್ಕೆ ತಕ್ಕ ರಕ್ಷಣಾಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ.

1. ಮೂರನೆಯ ಫೇಸು ಹುಟ್ಟುವ ಬಗೆ

ಸಿಂಗಲ್ ಫೇಸಿನ ಪ್ರವಾಹವು ಮೋಟಾರಿನೊಳಗೆ ತಿರುಗುವ ಕಾಂತಕ್ಷೇತ್ರವನ್ನು ನಿರ್ಮಿಸಲಾರದು; ಒಂದೇ ರೇಖೆಯಲ್ಲಿ ಹಿಗ್ಗಿ ಕುಗ್ಗುವ ಕ್ಷೇತ್ರವನ್ನಷ್ಟೇ ನಿರ್ಮಿಸಬಲ್ಲುದು. ಇಂಥ ಕ್ಷೇತ್ರವನ್ನು, ಸಮಾನ ಬಲವುಳ್ಳ, ಪರಸ್ಪರ ವಿರುದ್ಧ ದಿಕ್ಕುಗಳಲ್ಲಿ ತಿರುಗುವ ಎರಡು ಕ್ಷೇತ್ರಗಳ ಮೊತ್ತವೆಂದು ಭಾವಿಸಬಹುದು. ರೋಟರು ನಿಂತಿರುವಾಗ ಇವೆರಡರ ಎಳೆತವೂ ಸಮವಾಗಿರುವುದರಿಂದ ಅದು ಯಾವ ಕಡೆಗೂ ತಿರುಗದು. ಗುಂಯ್‌ಗುಟ್ಟುತ್ತಾ ನಿಂತಲ್ಲೇ ನಿಂತಿರುವುದು. ಯಾವುದಾದರೊಂದು ದಿಕ್ಕಿನಲ್ಲಿ ಅದಕ್ಕೆ ವೇಗ ಬಂದೊಡನೆ ಆ ದಿಕ್ಕಿನ ಕ್ಷೇತ್ರ ಪ್ರಬಲವಾಗುತ್ತದೆ. ಎದುರು ದಿಕ್ಕಿನ ಕ್ಷೇತ್ರವನ್ನು ರೋಟರಿನಲ್ಲಿ ಹರಿಯುವ ಪ್ರವಾಹಗಳು ಅಡಗಿಸುತ್ತವೆ. ಹೀಗೆ ಉಳಿದ ಕ್ಷೇತ್ರ ಬಹುಮಟ್ಟಿಗೆ ಸುತ್ತುವ ಕ್ಷೇತ್ರವೇ ಆಗಿ, ಮೂರನೆಯ ತುದಿಯಲ್ಲಿ ವೋಲ್ಟೇಜನ್ನು ಪ್ರೇರಿಸುವುದು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಎದುರು ಕ್ಷೇತ್ರ ಅಡಗುವುದೇ ಹೊರತು ಅಳಿಯುವುದಿಲ್ಲ. ನಾಲ್ಕು ಧ್ರುವಗಳ ಮೋಟಾರು 50 ಆವರ್ತದ ಸರಬರಾಜಿನಲ್ಲಿ ನಿಮಿಷಕ್ಕೆ 1470 ಸುತ್ತು ತಿರುಗುತ್ತಿದ್ದರೆ, ಎದುರು ಕ್ಷೇತ್ರವು ರೋಟರಿನ ಸರಳುಗಳಲ್ಲಿ ಸೆಕೆಂಡಿಗೆ 99 ಆವರ್ತದ ಪ್ರವಾಹವನ್ನು ಹುಟ್ಟಿಸುತ್ತದೆ. ಆ ಪ್ರವಾಹದಿಂದ ಉಪಯುಕ್ತ ಕೆಲಸವಿಲ್ಲ. ಅದು ಉಷ್ಣವಾಗಿ ವ್ಯಯವಾಗುವುದು. ಎರಡನೆಯದು, ಮೂರನೆಯ ಫೇಸಿನ ಅಸ್ತಿತ್ವವೇ ರೋಟರಿನ ವೇಗವನ್ನು ಅವಲಂಬಿಸಿದೆ. ವೇಗ ಕುಗ್ಗಿದರೆ ಮೂರನೆಯ ಫೇಸು ಕುಗ್ಗುವುದು. ರೋಟರು ನಿಂತರೆ ಅದು ಇಲ್ಲವಾಗುವುದು. ಮುಂದೆ ಹೇಳಲಿರುವ ರಕ್ಷಣಾಕ್ರಮಕ್ಕೆ ಈ ಎರಡನೆಯ ಸಂಗತಿಯೇ ಆಧಾರ.

ಪರಿವರ್ತಕದ ಪ್ರಯೋಗ ಕಾರ್ಯಾಗಾರಗಳಿಗೆ ಸೀಮಿತವಾದುದಲ್ಲ. ಅಮೆರಿಕದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲುಮಾರ್ಗದಲ್ಲಿ 1915ರಲ್ಲಿಯೇ ತಿರುಗುವ ಫೇಸು ಪರಿವರ್ತಕಗಳುಳ್ಳ ವಿದ್ಯುತ್ ಎಂಜಿನುಗಳು ಓಡಿದವು. ಭಾರತೀಯ ರೈಲ್ವೆಯ ಹಳೆಯ ಎ.ಸಿ. ಎಂಜಿನುಗಳಲ್ಲಿ ಗಾಳಿಯೂದುವ ಯಂತ್ರಗಳಿಗೂ ಕಂಪ್ರೆಸರುಗಳಿಗೂ ಮೂರು ಫೇಸನ್ನು ಒದಗಿಸಿದುದು 'ಆರ್ನೊ' ಎಂಬ ಇಂಥದೇ ಪರಿವರ್ತಕ. ರೈಲುಹಳಿಯೇ ಇಲ್ಲದ ಕೊಡಗಿನ ಒಂದು ಕಾರ್ಯಾಗಾರವು ರೈಲಿನ ಎಂಜಿನಿನಿಂದ ಕಲಿಯಬಹುದಾದ ಪಾಠವೊಂದಿದೆ. ಅದನ್ನು ಮುಂದೆ ನೋಡೋಣ.

2. ಹೊರೆಯಿಲ್ಲದ ಮೋಟಾರಿನ ಹೊರೆ

ಉದಾಹರಣೆಗಾಗಿ 3 ಅಶ್ವಶಕ್ತಿಯ ಮೋಟಾರೊಂದನ್ನು ತೆಗೆದುಕೊಳ್ಳೋಣ. ಫಲಕದ ಮೇಲೆ ಅದು 415 ವೋಲ್ಟು, ಸ್ಟಾರ್ ಜೋಡಣೆ, 5 ಆಂಪಿಯರು ಎಂದಿರಲಿ. ಇದರ ಒಂದೊಂದು ಸುರುಳಿಯೂ 240 ವೋಲ್ಟಿಗಾಗಿ ಸುತ್ತಿದುದು. ಆದುದರಿಂದ ಆರು ತುದಿಗಳೂ ಪೆಟ್ಟಿಗೆಯಲ್ಲಿ ದೊರೆಯುವುದಾದರೆ ಅದನ್ನು ಡೆಲ್ಟಾ ರೀತಿಯಲ್ಲಿ ಜೋಡಿಸಿ 240 ವೋಲ್ಟಿನ ಸಿಂಗಲ್ ಫೇಸಿನಲ್ಲಿ ಪರಿವರ್ತಕವಾಗಿ ಬಳಸಬಹುದು. ಲೇತು ಮೊದಲಾದವುಗಳ ಮೋಟಾರುಗಳನ್ನೂ ಹಾಗೆಯೇ ಡೆಲ್ಟಾಕ್ಕೆ ಬದಲಿಸಬೇಕಾಗುವುದು. ಫಲಕದಲ್ಲಿಯೇ '415 ವೋಲ್ಟು, ಡೆಲ್ಟಾ' ಎಂದಿರುವ ದೊಡ್ಡ ಮೋಟಾರುಗಳಿಗೆ ಈ ಉಪಾಯ ಸಲ್ಲದು. ಅವಕ್ಕೆ ವೋಲ್ಟೇಜನ್ನು ಏರಿಸುವ ಟ್ರಾನ್ಸ್‌ಫಾರ್ಮರು ಬೇಕು.

ಡೆಲ್ಟಾಕ್ಕೆ ಬದಲಿಸಿದ ಮೇಲೆ ಸುರುಳಿಯ ಮಿತಿ ಹಿಂದಿನಂತೆ 5 ಆಂಪಿಯರೇ. ಆದರೆ ಸಮತೋಲನದ ಮೂರು ಫೇಸಿನಲ್ಲಿ ತಂತಿಯ ಪ್ರವಾಹ ಅದರ 1.73 ಪಾಲು, ಎಂದರೆ ಸುಮಾರು 8.7 ಆಂಪಿಯರು. ಓವರ್‌ಲೋಡ್ ರಿಲೇಯನ್ನು ಫಲಕ ನೋಡಿ 5ಕ್ಕೆ ಹೊಂದಿಸಿದರೆ ಅದು ಕಾರಣವಿಲ್ಲದೆ ಬೀಳುತ್ತಿರುವುದು. ಬೇಸತ್ತವರು ರಿಲೇಯನ್ನೇ ಕಿತ್ತುಹಾಕುವರು. 8.7ಕ್ಕೆ ಹೊಂದಿಸಿದರೆ ಸಾಕೆಂದು ತೋರಬಹುದು. ಇದೂ ಸರಿಯಲ್ಲ, ಕಾರಣವನ್ನು ವಿವರಿಸುತ್ತೇವೆ.

ಮೋಟಾರಿನ ಮೂರು ತುದಿಗಳನ್ನು ಅ, ಆ, ಇ ಎಂದು ಕರೆಯೋಣ. ಅ ಮತ್ತು ಆ ಸರಬರಾಜಿಗೆ ಸೇರಿದವು. ಇ ಎಂಬುದು ಹುಟ್ಟಿಸಿಕೊಂಡ ತುದಿ. ಈ ಮೋಟಾರು ಮೂರು ಫೇಸಿನಲ್ಲಿ ಬರಿದೇ ತಿರುಗುವಾಗ ಪ್ರತಿ ಸುರುಳಿಯೂ 2.5 ಆಂಪಿಯರನ್ನು ಎಳೆಯುವುದೆಂದಿರಲಿ. ಸಣ್ಣ ಮೋಟಾರುಗಳಲ್ಲಿ ಪೂರ್ಣ ಪ್ರವಾಹದ ಅರ್ಧದಷ್ಟು ಹೀಗೆ ಕಾಂತಕ್ಷೇತ್ರದ ನಿರ್ಮಾಣಕ್ಕೇ ಬೇಕಾಗುವುದು ಸಾಮಾನ್ಯ. ಡೆಲ್ಟಾದಲ್ಲಿ ಇದು ತಂತಿಗೆ 4.3 ಆಂಪಿಯರು. ಸಿಂಗಲ್ ಫೇಸಿನಲ್ಲಾದರೋ ಮೂರು ತಂತಿಗಳು ಒದಗಿಸುತ್ತಿದ್ದುದನ್ನು ಎರಡೇ ತಂತಿಗಳು ಒದಗಿಸಬೇಕಾದುದರಿಂದ ಅದು ಮತ್ತೆ ಸುಮಾರು 1.73 ಪಾಲಾಗಿ 7.5 ಆಂಪಿಯರಿಗೆ ಏರುವುದು. ಇ ತುದಿಗೆ ಏನನ್ನೂ ಜೋಡಿಸದಿದ್ದಾಗ ಈ ಪ್ರವಾಹದ ಮೂರರಲ್ಲಿ ಎರಡು ಪಾಲು ಅ-ಆ ನಡುವಣ ಸುರುಳಿಯಲ್ಲಿಯೂ, ಒಂದು ಪಾಲು ಉಳಿದೆರಡು ಸುರುಳಿಗಳ ಮೂಲಕವೂ ಹರಿಯುತ್ತದೆ. ಎಂದರೆ ಅ-ಆ ಸುರುಳಿಯಲ್ಲಿ 5 ಆಂಪಿಯರು, ಉಳಿದೆರಡರಲ್ಲಿ 2.5 ಆಂಪಿಯರು.

ಈ ಲೆಕ್ಕದ ತಾತ್ಪರ್ಯವನ್ನು ವಾಚಕರು ಗಮನಿಸಬೇಕು. ಲೇತು ಇನ್ನೂ ತಿರುಗಿಲ್ಲ. ದಂಡದ ಮೇಲೆ ಹೊರೆಯಿಲ್ಲ. ಆದರೂ ಒಂದು ಸುರುಳಿ ತನ್ನ ಪೂರ್ಣ ಮಿತಿಯನ್ನು ಮುಟ್ಟಿದೆ. 8.7ಕ್ಕೆ ಹೊಂದಿಸಿದ ರಿಲೇಗೆ ಮಾತ್ರ 7.5 ಆಂಪಿಯರು ಕಾಣುವುದರಿಂದ ಅದರ ಪಾಲಿಗೆ ಎಲ್ಲವೂ ಕ್ಷೇಮವಾಗಿದೆ. ಡೆಲ್ಟಾ ಪರಿವರ್ತಕದ ರಿಲೇಯನ್ನು ಸಮತೋಲನದ ತಂತಿಪ್ರವಾಹದ 0.866 ಪಾಲಿಗಿಂತ ಮೇಲೆ ಹೊಂದಿಸಬಾರದೆಂಬ ನಿಯಮ ಇದರಿಂದ ಸಿದ್ಧವಾಗುತ್ತದೆ. ಪರಿವರ್ತಕದ ಮೋಟಾರು ಕಾರ್ಯಾಗಾರದ ಅತಿ ದೊಡ್ಡ ಮೋಟಾರಿಗಿಂತ ಒಂದೂಕಾಲರಿಂದ ಒಂದೂವರೆ ಪಾಲು ದೊಡ್ಡದಿರಬೇಕೆಂದು ಅನುಭವಿಗಳು ಹೇಳುವುದಕ್ಕೂ, ಸರಿಯಾಗಿ ಆರಿಸಿದ ಕೆಪಾಸಿಟರುಗಳಿಂದ ಕಾಂತೀಕರಣದ ಪ್ರವಾಹದ ಒಂದು ಭಾಗವನ್ನು ತುಂಬಿಸುವುದಕ್ಕೂ ಇದೇ ಕಾರಣ.

3. ಸುಡುವ ಸಂದರ್ಭಗಳು

ಪರಿವರ್ತಕಕ್ಕೆ ಎಲ್ಲಕ್ಕಿಂತ ಹೆಚ್ಚಿನ ಅಪಾಯವಿರುವುದು ಅದು ನಿಂತಿರುವಾಗ. ಕೊಡಗಿನ ಮಳೆಗಾಲದಲ್ಲಿ, ಜೂನಿನಿಂದ ಸೆಪ್ಟೆಂಬರಿನವರೆಗೆ, ಮರದ ಕೊಂಬೆಗಳು ತಂತಿಗೆ ತಗುಲಿ ಸರಬರಾಜು ಪದೇಪದೇ ನಿಂತು ಬರುವುದುಂಟು. ಸ್ವಿಚ್ಚು ಹಾಕಿದಂತೆಯೇ ಇದ್ದು, ಮೋಟಾರು ನಿಂತ ಬಳಿಕ ವಿದ್ಯುತ್ತು ಮರಳಿದರೆ, ಮೇಲೆ ಹೇಳಿದ ಕಾರಣದಿಂದ ಅದು ತಾನಾಗಿ ಹೊರಡಲಾರದು. ಹಗ್ಗ ಸುತ್ತಿ ಎಳೆದು ಹೊರಡಿಸುವ ಪದ್ಧತಿಯಿರುವಲ್ಲಿ ಈ ಅಪಾಯ ಇನ್ನೂ ಹೆಚ್ಚು. ನಿಂತ ಮೋಟಾರಿನ ಅ-ಆ ಸುರುಳಿಗೆ ಪೂರ್ಣ ವೋಲ್ಟೇಜು ಬಿದ್ದು, ಸಾಮಾನ್ಯವಾಗಿ ಅದರ ಮಿತಿಯ ಆರು ಪಾಲು ಪ್ರವಾಹ ಹರಿಯುವುದು. ಉಷ್ಣವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅಲ್ಲಿ 36 ಪಾಲು ಉಷ್ಣ ಹುಟ್ಟುತ್ತದೆ. ಸರಣಿಯಾಗಿರುವ ಉಳಿದೆರಡು ಸುರುಳಿಗಳಲ್ಲಿ ಪ್ರವಾಹ ಮೂರು ಪಾಲು, ಉಷ್ಣ 9 ಪಾಲು. ರೋಟರು ನಿಂತಿರುವುದರಿಂದ ಫ್ಯಾನಿನ ಗಾಳಿಯೂ ಇಲ್ಲ.

ಸುಟ್ಟ ಮೋಟಾರನ್ನು ವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿದಾಗ ಈ ಕಥೆ ಸುರುಳಿಗಳಲ್ಲೇ ಬರೆದಿರುವುದು ಕಾಣುತ್ತದೆ. ಡೆಲ್ಟಾ ಮೋಟಾರಿನಲ್ಲಿ ಒಂದು ಫೇಸಿನ ಸುರುಳಿಗಳು ಮಾತ್ರ ಕಪ್ಪಾಗಿ ಉಳಿದೆರಡು ತಿಳಿಯಾಗಿದ್ದರೆ, ಅಥವಾ ಸ್ಟಾರ್ ಮೋಟಾರಿನಲ್ಲಿ ಎರಡು ಫೇಸಿನವು ಕಪ್ಪಾಗಿ ಒಂದು ತಿಳಿಯಾಗಿದ್ದರೆ, ಅದು ಸಿಂಗಲ್ ಫೇಸಿನ ಅಪಘಾತವೆಂದು ತಿಳಿಯಬೇಕು. ಮೂರೂ ಸಮವಾಗಿ ಕಪ್ಪಾಗಿದ್ದರೆ ಅತಿಹೊರೆ, ಗಾಳಿಯ ಕೊರತೆ ಮುಂತಾದ ಬೇರೆ ಕಾರಣಗಳನ್ನು ಹುಡುಕಬೇಕು. ಮತ್ತೆ ಸುತ್ತಿಸಿ ತಂದು ಹಿಂದಿನಂತೆಯೇ ಜೋಡಿಸುವ ಮೊದಲು ಈ ಗುರುತನ್ನು ನೋಡುವುದು ಅತ್ಯವಶ್ಯಕ.

ಎರಡನೆಯ ಸಂದರ್ಭ ವೋಲ್ಟೇಜಿನ ಕುಸಿತ. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ವೋಲ್ಟೇಜು ನೂರರಲ್ಲಿ 60ಕ್ಕೆ ಇಳಿದರೆ ಬಲ 36ಕ್ಕೆ ಇಳಿಯುವುದು. ಆಗ ಹೊರೆ ಹೊತ್ತ ಲೇತಿನ ಮೋಟಾರು ನಿಲ್ಲುವ ಸಂಭವವುಂಟು. ಅದು ನಿಂತು ಎಳೆಯುವ ಭಾರಿ ಪ್ರವಾಹದ ಒಂದಂಶ ಪರಿವರ್ತಕದ ಇ ತುದಿಯ ಮೂಲಕವೇ ಬರಬೇಕಾದುದರಿಂದ ಎರಡು ಮೋಟಾರುಗಳೂ ಒಟ್ಟಿಗೆ ಹಾಳಾಗಬಹುದು.

ಮೂರನೆಯದು ನಿಧಾನವಾದ ಹಾನಿ. ಇ ತುದಿಯ ವೋಲ್ಟೇಜು ಹೊರೆಯೊಡನೆ ಇಳಿಯುತ್ತದೆ. ಮೂರು ತಂತಿಗಳ ನಡುವೆ 238, 226, 220 ವೋಲ್ಟು ಅಳೆದೆವೆಂದಿಟ್ಟುಕೊಳ್ಳೋಣ. ಸರಾಸರಿ 228, ಅದರಿಂದ ಅತಿ ದೂರದ ಅಂಕಿ 10 ವೋಲ್ಟು ದೂರದಲ್ಲಿದೆ, ಅಸಮತೆ ಶೇಕಡ 4.4. ಅಸಮತೆಯ ಅಂಕಿಯನ್ನು ವರ್ಗಮಾಡಿ ಎರಡರಿಂದ ಗುಣಿಸಿದರೆ ಉಷ್ಣದ ಏರಿಕೆ ಶೇಕಡ ಎಷ್ಟು ಹೆಚ್ಚುವುದೆಂದು ಸ್ಥೂಲವಾಗಿ ತಿಳಿಯುವುದು. ಇಲ್ಲಿ ಅದು ಸುಮಾರು 39. ಅಸಮತೆ ಶೇಕಡ 5ನ್ನು ಮೀರಿದಲ್ಲಿ ಮೋಟಾರನ್ನು ನಡೆಸಬಾರದೆಂಬುದು ಅಂಗೀಕೃತ ಮಾತು. ಸುರುಳಿಯ ಉಷ್ಣತೆ 10 ಡಿಗ್ರಿ ಹೆಚ್ಚಿದಂತೆ ಅದರ ಅವಾಹಕ ಹೊದಿಕೆಯ ಆಯುಷ್ಯ ಅರ್ಧಕ್ಕಿಳಿಯುವುದೆಂಬ ಸ್ಥೂಲ ನಿಯಮವನ್ನು ಇದರೊಡನೆ ಸೇರಿಸಿ ನೋಡಿದರೆ, ಹೊಗೆ ಕಾಣಿಸದೆಯೇ ಮೋಟಾರು ಹೇಗೆ ಮುಪ್ಪಾಗುವುದೆಂಬುದು ಸ್ಪಷ್ಟವಾಗುವುದು.

4. ಬಳಕೆಯ ಸಾಧನಗಳ ಮಿತಿ

ಫ್ಯೂಸೊಂದೇ ಸಾಕೆಂಬ ನಂಬಿಕೆ ಇಂದಿಗೂ ಇದೆ. ಮೋಟಾರು ಹೊರಡುವಾಗ ಕ್ಷಣಕಾಲ ಐದಾರು ಪಾಲು ಪ್ರವಾಹ ಹರಿಯುವುದರಿಂದ, ಅದನ್ನು ತಾಳಬಲ್ಲ ಫ್ಯೂಸು ಮೋಟಾರಿನ ಮಿತಿಗಿಂತ ಎರಡು ಮೂರು ಪಾಲು ದೊಡ್ಡದಿರಲೇಬೇಕು. ಅಂಥ ಫ್ಯೂಸು ಶಾರ್ಟ್ ಸರ್ಕಿಟ್ಟಿನಿಂದ ತಂತಿಗಳನ್ನು ಕಾಪಾಡುವುದೇ ಹೊರತು ಒಂದೂವರೆ ಪಾಲು ಪ್ರವಾಹದಲ್ಲಿ ಮೆಲ್ಲನೆ ಬೇಯುವ ಸುರುಳಿಯನ್ನು ಕಾಪಾಡದು. ಅದು ಬೇಕು, ಆದರೆ ಅದೊಂದೇ ಸಾಲದು.

ಇದಕ್ಕೆ ವ್ಯತಿರಿಕ್ತವಾಗಿ, ಪಂಪ್‌ಸೆಟ್ಟುಗಳಲ್ಲಿ ಬಳಸುವ ಸಿಂಗಲ್ ಫೇಸು ತಡೆಯುವ ಸಾಧನವು ಇಲ್ಲಿ ಅತಿಯಾಗಿ ಎಚ್ಚರಗೊಳ್ಳುತ್ತದೆ. ಮೂರು ಫೇಸುಗಳ ಅಸಮತೆಯನ್ನು ಕಂಡು ಮೋಟಾರನ್ನು ನಿಲ್ಲಿಸುವುದೇ ಅದರ ಧರ್ಮ. ಪರಿವರ್ತಕದಲ್ಲಾದರೋ ಅಸಮತೆ ಸದಾ ಇರುವಂಥದು, ಹೊರಡುವ ಕ್ಷಣದಲ್ಲಂತೂ ಪೂರ್ಣವಾಗಿರುವಂಥದು. ಫೇಸುಗಳ ವ್ಯತ್ಯಾಸವನ್ನು ಗುರುತಿಸುವ ಏರ್ಪಾಡುಳ್ಳ ಓವರ್‌ಲೋಡ್ ರಿಲೇಗಳಿಗೂ ಇದೇ ತೊಡಕು. ಆದುದರಿಂದ ಪರಿವರ್ತಕಕ್ಕೆ ಆ ಏರ್ಪಾಡಿಲ್ಲದ, ಅಥವಾ ಅದನ್ನು ತಡೆಹಿಡಿಯಬಹುದಾದ ರಿಲೇಯನ್ನು ಆರಿಸತಕ್ಕದ್ದು. ಲೇತು ಮುಂತಾದ ಹೊರೆಯ ಮೋಟಾರುಗಳ ಸ್ಟಾರ್ಟರುಗಳಲ್ಲಿ ಮಾತ್ರ ಫೇಸು ತಪ್ಪಿದಾಗ ಬೀಳುವ ರಿಲೇ ಇರುವುದು ಒಳ್ಳೆಯದು.

5. ರಕ್ಷಣೆಯ ಕ್ರಮ

ಹಳೆಯ ರೈಲ್ವೆ ಎಂಜಿನಿನ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆರ್ನೊ ಪರಿವರ್ತಕವು ಹೊರಟಿತೇ ಇಲ್ಲವೇ ಎಂಬುದನ್ನು ಅಲ್ಲಿ ಪ್ರವಾಹದಿಂದ ತಿಳಿಯುವುದಿಲ್ಲ. ಹುಟ್ಟಿಸಿಕೊಂಡ ಫೇಸಿನ ವೋಲ್ಟೇಜನ್ನು ಒಂದು ರಿಲೇ ಗಮನಿಸುತ್ತಿರುವುದು. ಆ ವೋಲ್ಟೇಜು ನಿಗದಿಯಾದ ಮಟ್ಟವನ್ನು ಮುಟ್ಟಿದೊಡನೆ ಹೊರಡಿಸುವ ರೋಧಕವನ್ನು ಕಳಚುವುದು. ಸುಮಾರು ಐದು ಸೆಕೆಂಡುಗಳೊಳಗೆ ಮುಟ್ಟದಿದ್ದರೆ ಮುಖ್ಯ ಸರ್ಕಿಟ್ ಬ್ರೇಕರನ್ನೇ ತೆರೆಯುವುದು. ಮೂರನೆಯ ಫೇಸಿನ ವೋಲ್ಟೇಜು ರೋಟರಿನ ವೇಗದ ಸಾಕ್ಷಿ. ಈ ತತ್ತ್ವವನ್ನು ಸಣ್ಣ ಕಾರ್ಯಾಗಾರಕ್ಕೆ ಹೀಗೆ ಅಳವಡಿಸಬಹುದು.

ಮೊದಲನೆಯದಾಗಿ, ಪರಿವರ್ತಕಕ್ಕೆ ಬರಿಯ ಸ್ವಿಚ್ಚಿನ ಬದಲು ಗುಂಡಿಯೊತ್ತಿ ಹೊರಡಿಸುವ ಕಾಂಟ್ಯಾಕ್ಟರು ಇರಬೇಕು. ಸರಬರಾಜು ಹೋದೊಡನೆ ಅದು ಕಳಚಿಕೊಂಡು, ಯಾರಾದರೂ ಮತ್ತೆ ಗುಂಡಿಯೊತ್ತುವವರೆಗೂ ತೆರೆದೇ ಇರುವುದು. ಮಳೆಗಾಲದ ಅಪಘಾತಗಳ ಬಹುಪಾಲು ಇದೊಂದರಿಂದಲೇ ತಪ್ಪುತ್ತದೆ. ಅದರ ಕಾಯಿಲನ್ನು ಅ-ಆ ಸರಬರಾಜಿನಿಂದಲೇ ನಡೆಸಬೇಕು. ಇ ತುದಿಯ ವೋಲ್ಟೇಜು ಏರಿಳಿಯುವಂಥದಾದುದರಿಂದ ಯಾವ ನಿಯಂತ್ರಣಕ್ಕೂ ಅದನ್ನು ಆಧಾರಮಾಡಿಕೊಳ್ಳಬಾರದು. ಕಾಂಟ್ಯಾಕ್ಟರುಗಳು ವೋಲ್ಟೇಜು ಬಹಳ ಕುಸಿಯುವ ತನಕವೂ ಹಿಡಿದುಕೊಂಡಿರಬಹುದಾದುದರಿಂದ ಮುಂದಿನ ಏರ್ಪಾಡೂ ಅಗತ್ಯ.

ಎರಡನೆಯದಾಗಿ, ಇ ತುದಿಗೆ ಒಂದು ವೋಲ್ಟೇಜು ರಿಲೇ, ಅದರೊಡನೆ ಒಂದು ಟೈಮರು. ಗುಂಡಿಯೊತ್ತಿದಾಗ ಹೊರಡಿಸುವ ಕೆಪಾಸಿಟರು ಸೇರಿಕೊಳ್ಳುವುದು. ಇ ತುದಿಯ ವೋಲ್ಟೇಜು ಸರಬರಾಜಿನ ಶೇಕಡ 85ರಷ್ಟನ್ನು ಮುಟ್ಟಿದಾಗ ಆ ಕೆಪಾಸಿಟರು ಕಳಚಬೇಕು. ಐದು ಸೆಕೆಂಡುಗಳಲ್ಲಿ ಮುಟ್ಟದಿದ್ದರೆ ಮುಖ್ಯ ಕಾಂಟ್ಯಾಕ್ಟರೇ ಬೀಳಬೇಕು. ಹೊರಡಿಸುವ ಕೆಪಾಸಿಟರುಗಳು ಅಲ್ಪಕಾಲದ ಬಳಕೆಗೆಂದೇ ಮಾಡಿದವು. ಅವು ಕಳಚದೆ ಉಳಿದರೆ ಒಡೆಯುವುದುಂಟು.

ಮೂರನೆಯದಾಗಿ, ಲೇತು, ಗರಗಸಗಳ ದಾರಿಯಲ್ಲಿ ಎರಡನೆಯ ಕಾಂಟ್ಯಾಕ್ಟರೊಂದನ್ನಿಟ್ಟು, ಇ ತುದಿಯ ವೋಲ್ಟೇಜು ಸರಿಯಿರುವಾಗ ಮಾತ್ರ ಅದು ಮುಚ್ಚುವಂತೆ ಮಾಡಬೇಕು. ಪರಿವರ್ತಕವು ತಿರುಗದಿರುವಾಗ ಲೇತನ್ನು ಹಾಕಲು ಆಗ ಸಾಧ್ಯವೇ ಆಗದು. ಕೆಲಸದ ನಡುವೆ ವೋಲ್ಟೇಜು ಕುಸಿದರೆ ಮೊದಲು ಹೊರೆ ಕಳಚುವುದು. ಪರಿವರ್ತಕಕ್ಕೆ ಚೇತರಿಸಿಕೊಳ್ಳಲು ಅವಕಾಶ ದೊರೆಯುವುದು.

ನಾಲ್ಕನೆಯದಾಗಿ, ಓವರ್‌ಲೋಡ್ ರಿಲೇಯನ್ನು ಪರಿವರ್ತಕದ ಸ್ವಂತ ಮೂರು ತಂತಿಗಳಲ್ಲಿ, ಹೊರೆಯ ಕವಲು ಹೊರಟ ಮೇಲಿನ ಭಾಗದಲ್ಲಿ ಇಡಬೇಕು. ಮುಖ್ಯ ತಂತಿಯಲ್ಲಿಟ್ಟರೆ ಲೇತಿನ ಪ್ರವಾಹವೂ ಬೆರೆತು ಅದರ ಸಾಕ್ಷ್ಯ ಕೆಡುವುದು. ನಮ್ಮ ಉದಾಹರಣೆಯಲ್ಲಿ ಅದರ ಮಿತಿ 7.5 ಆಂಪಿಯರು, ಆದರೆ ಬರಿದೇ ತಿರುಗುವಾಗಲೇ ಅಷ್ಟು ಪ್ರವಾಹ ಹರಿಯುವುದರಿಂದ, ರಿಲೇಯ ಮಿತಿಯನ್ನು ಏರಿಸದೆ, ಕೆಪಾಸಿಟರಿನಿಂದ ಪ್ರವಾಹವನ್ನು ತಗ್ಗಿಸುವುದು ಅಥವಾ ದೊಡ್ಡ ಮೋಟಾರನ್ನು ಆರಿಸುವುದು ಯುಕ್ತ.

ಐದನೆಯದು ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದುದು. ಹೊರೆ ಏರಿಳಿದಂತೆ ಸುರುಳಿಗಳೊಳಗಿನ ಪ್ರವಾಹದ ಹಂಚಿಕೆ ಬದಲಾಗುವುದರಿಂದ, ತಂತಿಯನ್ನು ಅಳೆದು ಸುರುಳಿಯ ಸ್ಥಿತಿಯನ್ನು ಊಹಿಸುವುದಕ್ಕಿಂತ ಸುರುಳಿಯ ಬಿಸಿಯನ್ನೇ ಅರಿಯುವುದು ಮೇಲು. ಥರ್ಮಿಸ್ಟರು ಎಂಬ ಕಾಳಿನಷ್ಟು ಸಣ್ಣ ಸಾಧನದ ರೋಧವು ನಿಗದಿಯಾದ ಉಷ್ಣತೆಯಲ್ಲಿ ಥಟ್ಟನೆ ಏರುವುದು. ಫೇಸಿಗೊಂದರಂತೆ ಮೂರನ್ನು ಸುರುಳಿಗಳ ತಲೆಯಲ್ಲಿ ಹುದುಗಿಸಿ, ಸರಣಿಯಾಗಿ ಜೋಡಿಸಿ, ತಕ್ಕ ರಿಲೇಗೆ ಕೊಟ್ಟರೆ ಯಾವ ಸುರುಳಿ ಬಿಸಿಯಾದರೂ ಮೋಟಾರು ನಿಲ್ಲುವುದು. ಮೋಟಾರನ್ನು ಮತ್ತೆ ಸುತ್ತಿಸುವ ಸಂದರ್ಭವೇ ಇದಕ್ಕೆ ತಕ್ಕ ಕಾಲ. ಸುರುಳಿಯ ಅವಾಹಕವು ಬಿ ವರ್ಗದ್ದಾದರೆ 130, ಎಫ್ ವರ್ಗದ್ದಾದರೆ 155 ಡಿಗ್ರಿ ಸೆಲ್ಸಿಯಸ್ ಅದರ ಮೇರೆ; ಥರ್ಮಿಸ್ಟರು ಅದಕ್ಕಿಂತ ಕೆಳಗೇ ಎಚ್ಚರಗೊಳ್ಳಬೇಕು.

6. ತೇವ ಮತ್ತು ಮನುಷ್ಯ

ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಮೋಟಾರಿನ ಸುರುಳಿ ತೇವವನ್ನು ಹೀರುತ್ತದೆ. ಮತ್ತೆ ನಡೆಸುವ ಮುನ್ನ 500 ವೋಲ್ಟಿನ ಮೆಗ್ಗರಿನಿಂದ ಸುರುಳಿಗೂ ಕವಚಕ್ಕೂ ನಡುವಣ ರೋಧವನ್ನು ಅಳೆಯಬೇಕು. ಅದು ಒಂದು ಮೆಗಓಮಿಗಿಂತ ಕಡಿಮೆಯಿದ್ದರೆ, ದೀಪದ ಬಿಸಿಯಿಂದಲೋ ಬಿಸಿಗಾಳಿಯಿಂದಲೋ ಒಣಗಿಸದೆ ವಿದ್ಯುತ್ತನ್ನು ಹಾಯಿಸಬಾರದು.

ಮೋಟಾರಿನ ರಕ್ಷಣೆಯಷ್ಟೇ ಮುಖ್ಯವಾದುದು ಅದರ ಬಳಿ ದುಡಿಯುವವನ ರಕ್ಷಣೆ. ಸರಬರಾಜಿನ ನ್ಯೂಟ್ರಲ್ ತಂತಿ ಆ ತುದಿಗೆ ಬಂದಿರುವಾಗ ಇ ತುದಿಯು ನೆಲಕ್ಕೆ ಸುಮಾರು 240 ವೋಲ್ಟಿನಲ್ಲಿರುವುದು. 'ಹುಟ್ಟಿಸಿಕೊಂಡ ಫೇಸು' ಎಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಪ್ರತಿ ಮೋಟಾರಿನ ಕವಚಕ್ಕೂ ಭೂಸಂಪರ್ಕ, ಸರಬರಾಜಿನ ಮೊದಲಲ್ಲಿ 30 ಮಿಲಿಆಂಪಿಯರಿನ ಸೋರಿಕೆ ಬ್ರೇಕರು, ಕೆಪಾಸಿಟರುಗಳಿಗೆ ಶೇಖರಣೆಯನ್ನು ಬರಿದುಮಾಡುವ ರೋಧಕ ಇವು ಕಡ್ಡಾಯವೆಂದೇ ತಿಳಿಯಬೇಕು. ಪರಿವರ್ತಕವನ್ನು ಅಳವಡಿಸುವ ಮುನ್ನ ವಿತರಣಾ ಸಂಸ್ಥೆಯ ಒಪ್ಪಿಗೆಯನ್ನು ಪಡೆಯುವುದೂ ಅಗತ್ಯ. ಒಂದೇ ಫೇಸಿನ ಮೇಲೆ ಬೀಳುವ ಹೊರೆ ಆ ಟ್ರಾನ್ಸ್‌ಫಾರ್ಮರಿನ ನೆರೆಹೊರೆಯವರೆಲ್ಲರಿಗೂ ಸಂಬಂಧಿಸಿದ ವಿಷಯ.

ಸಿಂಗಲ್ ಫೇಸನ್ನು ಪಡೆದು ಮೂರು ಫೇಸನ್ನು ಕೊಡುವ ಎಲೆಕ್ಟ್ರಾನಿಕ್ ಸಾಧನಗಳು ಈಗ ಸಣ್ಣ ಮೋಟಾರುಗಳಿಗೆ ದೊರೆಯುತ್ತಿವೆ. ಒಂದೇ ಯಂತ್ರವಿರುವಲ್ಲಿ ಅವೇ ಮೇಲೆನ್ನಬಹುದು. ಹಲವು ಯಂತ್ರಗಳಿದ್ದು, ಊರಿನ ವೈಂಡಿಂಗ್ ಅಂಗಡಿಯಲ್ಲಿಯೇ ದುರಸ್ತಿಯಾಗಬೇಕಾದಲ್ಲಿ ತಿರುಗುವ ಪರಿವರ್ತಕಕ್ಕೆ ಇಂದಿಗೂ ಸ್ಥಾನವಿದೆ.

ಕೊನೆಯದಾಗಿ, ಕಾಲೇಜಿನ ಪ್ರಯೋಗಶಾಲೆಗಳಿಗೆ ಒಂದು ಸೂಚನೆ. ಆರು ತುದಿಗಳುಳ್ಳ ಸಣ್ಣ ಮೋಟಾರೊಂದನ್ನು ಡೆಲ್ಟಾದಲ್ಲಿ ಜೋಡಿಸಿ, ತಂತಿಯಲ್ಲೊಂದು ಹಾಗೂ ಮೂರು ಸುರುಳಿಗಳಲ್ಲಿ ಒಂದೊಂದು ಅಮ್ಮೀಟರನ್ನಿಟ್ಟು, ಅದನ್ನು ಸಿಂಗಲ್ ಫೇಸಿನಲ್ಲಿ ಬರಿದೇ ತಿರುಗಿಸಿದರೆ, ಮೇಲಿನ ಮೂರರಲ್ಲಿ ಎರಡು, ಮೂರರಲ್ಲಿ ಒಂದು ಎಂಬ ಹಂಚಿಕೆಯನ್ನು ವಿದ್ಯಾರ್ಥಿಗಳು ತಾವೇ ಕಾಣಬಹುದು. ಪೊನ್ನಂಪೇಟೆಯಲ್ಲಿಯೇ ಇಂಜಿನಿಯರಿಂಗ್ ಕಾಲೇಜೊಂದಿದೆ, ಸುತ್ತಲೂ ಕಾರ್ಯಾಗಾರಗಳಿವೆ. ಆ ನಾಲ್ಕು ಅಮ್ಮೀಟರುಗಳ ಅಂಕಿಗಳನ್ನು ಬರೆದುಕೊಂಡ ವಿದ್ಯಾರ್ಥಿಯೊಬ್ಬನು ಹತ್ತಿರದ ಕಾರ್ಯಾಗಾರಕ್ಕೆ ಹೋಗಿ ಅಲ್ಲಿಯ ರಿಲೇ ಎಷ್ಟಕ್ಕೆ ಹೊಂದಿಸಲ್ಪಟ್ಟಿದೆಯೆಂದು ನೋಡಿದರೆ, ಆ ಪ್ರಯೋಗದ ಫಲ ಒಂದು ಮೋಟಾರಿನ ಆಯುಷ್ಯವಾಗಿ ಪರಿಣಮಿಸುವುದು.